ರಾಜನ ಮುಖ, ಮರಸೇಬು ಹಣ್ಣು

ಕೇಳುಗರಿಗೆ ನಮಸ್ಕಾರ.

ನಮ್ಮ ಶಿರಸಿ ಕಡೆ ತಾಳಮದ್ದಲೆ ಕೇಳಿ ಬಂದವರು ಮರುದಿನ ಪಾತ್ರದ ಮಾತಾಡಿದ ಅರ್ಥಧಾರಿಯನ್ನು ಅಣಕಿಸುತ್ತಾರಲ್ಲ, ನಡುವೆ ಕೆಮ್ಮುವುದು, ಶಾಲು ಸರಿ ಮಾಡಿಕೊಳ್ಳುವುದು ಎಲ್ಲ ಸೇರಿಸಿ? ಎರಡೇ ಮಾತಿಗೆ ಯಾರು ಅಂತ ಗೊತ್ತಾಗುತ್ತದೆ. ಕ್ಯಾರಿಕೇಚರ್, ಅಂದರೆ ಒಬ್ಬರ ಚಹರೆಯನ್ನು ಹಿಗ್ಗಿಸಿ ಬಿಡಿಸುವ ನಗೆಚಿತ್ರ, ಅದರ ಕೆಲಸವೂ ಅದೇ, ಪೆನ್ಸಿಲ್‌ನಲ್ಲಿ.

ಮೂಗು ಉದ್ದ ಮಾಡಿದರೆ ಆಯ್ತು ಅಂದುಕೊಂಡವರೇ ಜಾಸ್ತಿ. ಒಳ್ಳೆಯ ಕಲಾವಿದ ಮೊದಲು ನೋಡುವುದು ತಲೆಯ ಆಕಾರ. ಕಣ್ಣುಗಳ ನಡುವೆ ಎಷ್ಟು ಜಾಗ, ಮೂಗಿನಿಂದ ತುಟಿಗೆ ಎಷ್ಟು ದೂರ, ಗದ್ದ ಮುಂದಿದೆಯೋ ಹಿಂದಿದೆಯೋ ಎಂದೆಲ್ಲ ಅಳೆದು, ಈ ಮುಖ ಉಳಿದವರಿಗಿಂತ ಎಲ್ಲಿ ಬೇರೆ ಇದೆಯೋ ಅಲ್ಲಿ ಮಾತ್ರ ಗೆರೆ ಹಿಗ್ಗಿಸುತ್ತಾನೆ. ಮೊಬೈಲ್ ಫಿಲ್ಟರ್ ಎಲ್ಲರ ಮೂಗನ್ನೂ ಒಂದೇ ಥರ ಊದಿಸುತ್ತದೆ. ಅದು ಸುಮ್ನೆ ತಮಾಷೆ ಅಷ್ಟೇ.

16ನೇ ಶತಮಾನದ ಕೊನೆಗೆ ಇಟಲಿಯಲ್ಲಿ ಅನಿಬಾಲೆ ಕರ್ರಾಚ್ಚಿ ಎಂಬ ಚಿತ್ರಕಾರ ಇಂಥವನ್ನು ಬಿಡಿಸುತ್ತಿದ್ದ. ಆಮೇಲೆ ಬಂದ ಶಿಲ್ಪಿ ಬರ್ನಿನಿ, ತಾನೇ ಅಮೃತಶಿಲೆಯಲ್ಲಿ ಗಂಭೀರವಾಗಿ ಕೆತ್ತಿದ್ದ ಚರ್ಚಿನ ದೊಡ್ಡ ಗುರು ಕಾರ್ಡಿನಲ್ ಬೋರ್ಗೇಸೆಯನ್ನು ಕಾಗದದ ಮೇಲೆ ನಾಲ್ಕಾರು ಗೆರೆಗಳಲ್ಲಿ ಮುಗಿಸಿಬಿಟ್ಟ. ಆಗ ಅದು ಆಪ್ತರ ನಡುವಿನ ನಗು. ಅಚ್ಚಾಗಿ ಬೀದಿಗೆ ಬಂದ ಮೇಲೆ ರಾಜರಿಗೆ ತಲೆನೋವು ಶುರುವಾಯಿತು.

ಪ್ಯಾರಿಸ್‌ನ ಶಾರ್ಲ್ ಫಿಲಿಪೋನ್ 1830ರಲ್ಲಿ ವ್ಯಂಗ್ಯಚಿತ್ರಗಳದ್ದೇ ಒಂದು ಪತ್ರಿಕೆ ತೆಗೆದ. ದೊರೆ ಲೂಯಿ ಫಿಲಿಪ್‌ಗೆ ಅವಮಾನ ಮಾಡಿದ ಅಂತ ಮರುವರ್ಷ ಕೇಸು. ಕೋರ್ಟಿನಲ್ಲಿ ಆತ ನಾಲ್ಕು ಚಿತ್ರ ಇಟ್ಟ. ಮೊದಲನೆಯದು ದೊರೆಯ ಮುಖವೇ, ಜೋತ ಕೆನ್ನೆ, ನೆತ್ತಿಯ ಮೇಲೆ ಎದ್ದ ಕೂದಲು. ಎರಡು, ಮೂರರಲ್ಲಿ ಕೆನ್ನೆ ಇಳಿಯುತ್ತಾ ಹೋಗಿ ನೆತ್ತಿ ಸಪೂರವಾಗುತ್ತದೆ. ನಾಲ್ಕನೆಯದು ಬರೀ ಮರಸೇಬು, ಅಂದರೆ ಪೇರ್ ಹಣ್ಣು! ಹೋಲಿಕೆಯೇ ತಪ್ಪಾದರೆ ಈ ಹಣ್ಣಿಗೂ ಶಿಕ್ಷೆ ಕೊಡಬೇಕಲ್ವಾ ಅನ್ನುವುದು ಅವನ ವಾದ. ಶಿಕ್ಷೆಯೇನೋ ಆಯಿತು. ಆದರೆ ಊರಿನ ಗೋಡೆಗಳ ಮೇಲೆಲ್ಲ ಹಣ್ಣು ಬಂತು. ದೋಮಿಯೆ ಎಂಬ ಕಲಾವಿದ ಅದೇ ದೊರೆಯನ್ನು ಹೊಟ್ಟೆಬಾಕನನ್ನಾಗಿ ಬಿಡಿಸಿ 1832ರಲ್ಲಿ ಜೈಲಿಗೆ ಹೋದ. ಕೊನೆಗೆ 1835ರಲ್ಲಿ ಚಿತ್ರಗಳಿಗೇ ಸೆನ್ಸಾರ್ ತಂದರು.

ನಮ್ಮಲ್ಲಿ? ಕಾರವಾರದ ಕಡಲತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆ, ಗೊತ್ತಲ್ಲ. ಅವರದೇ ಮನೆತನದ ಗಗನೇಂದ್ರನಾಥರು 1917ರಲ್ಲೇ ಇಂಗ್ಲಿಷರನ್ನು ಅನುಕರಿಸುವ ಬಾಬುಗಳನ್ನು ವ್ಯಂಗ್ಯಚಿತ್ರಗಳಲ್ಲಿ ಹಿಂಡಿಹಾಕಿದ್ದರು. ಮೈಸೂರಿನ ಆರ್.ಕೆ. ಲಕ್ಷ್ಮಣ್ ಶುರುವಿನಲ್ಲಿ ನಮ್ಮ ಹಾಸ್ಯಪತ್ರಿಕೆ 'ಕೊರವಂಜಿ'ಗೂ ಚಿತ್ರ ಬರೆದವರು.

ಈಗ ನಿವೃತ್ತಿ ಸಮಾರಂಭಕ್ಕೂ ಕ್ಯಾರಿಕೇಚರ್ ಉಡುಗೊರೆ ಕೊಡುತ್ತಾರೆ. ಕೊಡಿಸುವವರು ಮೆಲ್ಲಗೆ ಹೇಳುತ್ತಾರೆ, ಸಾಹೇಬರ ಹೊಟ್ಟೆ ಸ್ವಲ್ಪ ಕಡಿಮೆ ಮಾಡಿ, ತಲೆಗೆ ನಾಲ್ಕು ಕೂದಲು ಇಡಿ ಅಂತ. ಅಷ್ಟಕ್ಕೆ ಫೋಟೋ ತೆಗೆಸಿದರಾಯ್ತಲ್ಲ ಮಾರಾಯ್ರೇ!