ಅರವತ್ತರ ಅರಳು ಮರಳು ಅಂದರೆ ಸಾಕೇ?

ಕೇಳುಗರೆಲ್ಲರಿಗೂ ನಮಸ್ಕಾರ.

2009ರ ಅಕ್ಟೋಬರ್ 1. ನ್ಯೂಯಾರ್ಕಿನ ಎಡ್ ಸಲಿವನ್ ಥಿಯೇಟರ್. ಡೇವಿಡ್ ಲೆಟರ್‌ಮನ್ ಎಂಬ ಅಮೆರಿಕದ ದೊಡ್ಡ ನಗೆಗಾರ ತಮ್ಮ ಟಿವಿ ಶೋನ ಮೇಜಿನ ಹಿಂದೆ ಕೂತು ಒಂದು ಕಥೆ ಹೇಳಲು ಶುರು ಮಾಡಿದರು. ಬೆಳಗಿನ ಜಾವ ಕಾರಿನಲ್ಲಿ ಒಂದು ಪೊಟ್ಟಣ ಸಿಕ್ಕಿತು. ಒಳಗೊಂದು ಕಾಗದ. ನಿನ್ನ ಗುಟ್ಟು ನನಗೆ ಗೊತ್ತು, 20 ಲಕ್ಷ ಡಾಲರ್ ಕೊಡು ಎಂಬ ಬೆದರಿಕೆ. ಜನ ನಕ್ಕರು. ಕಥೆ ಮುಂದುವರಿಯಿತು, ಇನ್ನೂ ನಕ್ಕರು. ಕೊನೆಗೆ ಅಸಲು ಮಾತು ಬಂತು. ನನ್ನ ಶೋನಲ್ಲಿ ಕೆಲಸ ಮಾಡುವ ಹೆಂಗಸರ ಜೊತೆ ನನಗೆ ಸಂಬಂಧ ಇದ್ದದ್ದು ನಿಜ ಎಂದು ಲೆಟರ್‌ಮನ್ ಒಪ್ಪಿಕೊಂಡರು. ಅದಕ್ಕೂ ನಗು, ಚಪ್ಪಾಳೆ.

ಪಾಪ, ಜನರದ್ದೇನೂ ತಪ್ಪಿಲ್ಲ. ಅವರು ನಗಲು ಬಂದಿದ್ದರು. ಎದುರಿಗಿದ್ದವರು ಇಪ್ಪತ್ತೇಳು ವರ್ಷಗಳಿಂದ ಅವರನ್ನು ನಗಿಸುತ್ತಾ ಬಂದವರು. ಇದು ತಮಾಷೆ, ಇದು ತಮಾಷೆ ಅಲ್ಲ ಎಂದು ತಿಳಿಯುವುದಾದರೂ ಹೇಗೆ?

ಆಗ ಲೆಟರ್‌ಮನ್ ಅವರಿಗೆ ಅರವತ್ತೆರಡು. ನಮ್ಮಲ್ಲಿ ಇದಕ್ಕೆ ಸಿದ್ಧವಾದ ಮಾತೇ ಇದೆ, ಅರವತ್ತರ ಅರಳು ಮರಳು ಅಂತ. ವಯಸ್ಸಾಯಿತು, ಮೊನಚು ಹೋಯಿತು, ಎಲ್ಲಿ ನಿಲ್ಲಿಸಬೇಕು ಎಂಬುದೂ ಮರೆತುಹೋಯಿತು. ಅಮೆರಿಕದಲ್ಲೂ ಲೇಟ್ ನೈಟ್ ಶೋ, ಅಂದರೆ ತಡರಾತ್ರಿಯ ಟಿವಿ ಹಾಸ್ಯ ಕಾರ್ಯಕ್ರಮ ನಡೆಸುವವರ ಬಗ್ಗೆ ಜನ ಹೀಗೇ ಮಾತಾಡಿಕೊಳ್ಳುತ್ತಾರೆ. ಇವತ್ತು ಆ ಮಾತನ್ನೇ ಸ್ವಲ್ಪ ಕೆದಕಿ ನೋಡೋಣ ಅಂತ. ನಾನೂ ಅರವತ್ತು ದಾಟಿದವನೇ. ಹಾಗಾಗಿ ಇದರಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಇದೆ ಅನ್ನಿ.

ಅದೇ ವರ್ಷ ಜೂನ್ ತಿಂಗಳಲ್ಲಿ ಇನ್ನೊಂದು ಗಲಾಟೆ ಆಗಿತ್ತು. ಅಲಾಸ್ಕಾ ರಾಜ್ಯದ ಗವರ್ನರ್ ಸಾರಾ ಪೇಲಿನ್ ನ್ಯೂಯಾರ್ಕಿಗೆ ಬಂದು, ಮಗಳ ಜೊತೆ ಬೇಸ್‌ಬಾಲ್ ಪಂದ್ಯ ನೋಡಿದ್ದರು. ಪಂದ್ಯ ಮುಗಿಯುವ ಮೊದಲೇ ಒಬ್ಬ ಸ್ಟಾರ್ ಆಟಗಾರ ಆ ಮಗಳನ್ನು ಬಸಿರು ಮಾಡಿಬಿಟ್ಟ ಎಂದು ಲೆಟರ್‌ಮನ್ ಜೋಕು ಹೊಡೆದರು. ಅವರ ಮನಸ್ಸಿನಲ್ಲಿದ್ದದ್ದು ಹದಿನೆಂಟರ ಹಿರಿಯ ಮಗಳಂತೆ. ಆದರೆ ಪಂದ್ಯಕ್ಕೆ ಬಂದಿದ್ದವಳು ಹದಿನಾಲ್ಕರ ಹುಡುಗಿ. ಎರಡು ದಿನದ ಮೇಲೆ ಲೆಟರ್‌ಮನ್ ಅರ್ಧ ವಿವರಣೆ, ಅರ್ಧ ತಮಾಷೆ ಬೆರೆಸಿ ಸಮಜಾಯಿಷಿ ಕೊಟ್ಟರು. ಅದು ಯಾರಿಗೂ ಸಾಲಲಿಲ್ಲ. ವಾರದ ಮೇಲೆ ಸರಿಯಾಗಿ ಕ್ಷಮೆ ಕೇಳಿದರು. ವಿವರಿಸಬೇಕಾಗಿ ಬಂದ ಜೋಕು ಒಳ್ಳೆಯ ಜೋಕಲ್ಲ, ನನ್ನ ಉದ್ದೇಶ ಏನಿತ್ತು ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ ಎಂಬರ್ಥದ ಮಾತು ಹೇಳಿದರು. ಕ್ಷಮೆ ಅಂದರೆ ಹಾಗಿರಬೇಕು. ಅದಿರಲಿ, ಹದಿನೆಂಟಾದರೂ ಅದು ಎಂಥ ಜೋಕು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಇನ್ನು ಅವರ ಹಳೆಯ ದಿನಗಳನ್ನು ನೋಡಿ. 1982ರ ಫೆಬ್ರವರಿಯಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ ಅವರ ಶೋ ಶುರುವಾಯಿತು. ಆಗ ಅವರಿಗೆ ಮೂವತ್ತನಾಲ್ಕು. 1986ರಲ್ಲಿ ಜನರಲ್ ಎಲೆಕ್ಟ್ರಿಕ್ ಎಂಬ ದೈತ್ಯ ಕಂಪನಿ ಆ ಚಾನೆಲ್ಲನ್ನು ಕೊಂಡುಕೊಳ್ಳುತ್ತಿತ್ತು. ಲೆಟರ್‌ಮನ್ ಒಂದು ಬುಟ್ಟಿ ಹಣ್ಣು ಹಿಡಿದು, ಕ್ಯಾಮೆರಾ ಕರೆದುಕೊಂಡು, ಹೊಸ ಧಣಿಗಳನ್ನು ಮಾತಾಡಿಸಿ ಬರೋಣ ಅಂತ ಆ ಕಂಪನಿಯ ಕಟ್ಟಡಕ್ಕೇ ಹೋದರು. ಬಾಗಿಲಲ್ಲೇ ತಡೆದರು. ಕ್ಯಾಮೆರಾ ಬಂದ್ ಮಾಡಿ ಅಂದರು. ಅಲ್ಲಿನ ಭದ್ರತೆಯವನೊಬ್ಬ ಕೈಕುಲುಕಲು ಕೈ ಚಾಚಿದವನು ಅರ್ಧದಲ್ಲೇ ಹಿಂದಕ್ಕೆ ಎಳೆದುಕೊಂಡ. ಲೆಟರ್‌ಮನ್ ಅದನ್ನು ಶೋನಲ್ಲಿ ತೋರಿಸಿ, ಇದೇ ನೋಡಿ ನಮ್ಮ ಹೊಸ ಕಂಪನಿಯ ಹಸ್ತಲಾಘವ ಅಂತ ಗೇಲಿ ಮಾಡಿದರು. ಸಂಬಳ ಕೊಡಲಿರುವ ಧಣಿಯ ಬಾಗಿಲಿಗೇ ಹೋಗಿ ಕಾಲೆಳೆಯುವುದಕ್ಕೆ ಗುಂಡಿಗೆ ಬೇಕು ಅಲ್ವಾ?

ಹಾಗಂತ ಆಗ ಅವರು ಸಾಧುವೇನೂ ಆಗಿರಲಿಲ್ಲ. ಅತಿಥಿಗಳನ್ನು ಹಿಂಡಿಬಿಡುತ್ತಿದ್ದರು. ಅದೇ 1986ರಲ್ಲಿ ಗಾಯಕಿ ಶೆರ್ ಬಂದು, ಎದುರಿಗೇ ಒಂದು ಬೈಗುಳದಿಂದ ಅವರನ್ನು ಬಣ್ಣಿಸಿದ್ದರು. ಬಾನುಲಿಯಲ್ಲಿ ನಾನದನ್ನು ಹೇಳುವ ಹಾಗಿಲ್ಲ.

ಇಂಥ ಶೋ ನಡೆಸುವ ಬೇರೆಯವರ ಕಥೆಯೂ ಅಷ್ಟೇ. ಜಿಮ್ಮಿ ಕಿಮ್ಮೆಲ್ ಮುಖಕ್ಕೆ ಕಪ್ಪು ಬಳಿದುಕೊಂಡು ಕಪ್ಪು ಆಟಗಾರನೊಬ್ಬನ ಅಣಕ ಮಾಡುತ್ತಿದ್ದದ್ದು ಮುಪ್ಪಿನಲ್ಲಲ್ಲ, ಪ್ರಾಯದಲ್ಲಿ. 2020ರಲ್ಲಿ, ಐವತ್ತು ದಾಟಿದ ಮೇಲೆ, ಅದಕ್ಕೆ ಕ್ಷಮೆ ಕೇಳಿದರು. ಗೆರೆ ದಾಟುವುದಕ್ಕೆ ವಯಸ್ಸಿನ ಹಂಗಿಲ್ಲ ಅಂತಾಯಿತು. ಹಾಗಾದರೆ ವಯಸ್ಸಾದಾಗ ಬದಲಾಗುವುದು ಏನು?

ಇಲ್ಲಿ ಯಕ್ಷಗಾನ ನೋಡಿದವರಿಗೆ ಒಂದು ಮಾತು. ಹಾಸ್ಯಗಾರ ರಂಗಕ್ಕೆ ಬಂದು ಮಾತು ಬೆಳೆಸುತ್ತಾ ಹೋಗುತ್ತಾನೆ. ಜನ ನಗುತ್ತಿದ್ದಾರೆ, ಅವನಿಗೂ ಹುರುಪು. ಇನ್ನೇನು ಹದ ತಪ್ಪುತ್ತದೆ ಅನ್ನುವಾಗ ಭಾಗವತರು ತಾಳ ತಟ್ಟಿ ಮುಂದಿನ ಪದ ಎತ್ತಿಕೊಳ್ಳುತ್ತಾರೆ. ಅಷ್ಟೇ, ಹಾಸ್ಯಗಾರ ಕುಣಿಯಲೇಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಹೆಂಡತಿಯದು. ಒಂದು ಮದುವೆಯ ಪಂಕ್ತಿಯಲ್ಲಿ, ಮದುಮಗನ ಬಣ್ಣದ ಮೇಲೆ ನನ್ನದೊಂದು ಹಳೇ ತಮಾಷೆ ಬಾಯಿಗೆ ಬಂದಿತ್ತು. ಮೂವತ್ತು ವರ್ಷದ ಹಿಂದೆ ಚೆನ್ನಾಗಿ ಓಡಿದ ಸರಕು. ಬಾಯಿ ತೆರೆಯುವುದರೊಳಗೆ ತೊಡೆ ಚಿವುಟಿದಳು. ಪಾಯಸದ ಕಡೆ ಮಾತು ತಿರುಗಿಸಿದೆ.

ಲೆಟರ್‌ಮನ್ ಅವರಿಗೆ ತಾಳ ತಟ್ಟುವವರು ಯಾರಿದ್ದರು? 1993ರಲ್ಲಿ ಅವರು ಸಿಬಿಎಸ್ ಚಾನೆಲ್‌ಗೆ ಬಂದರು. ಅಲ್ಲಿ ಶೋ ತಯಾರಿಸುತ್ತಿದ್ದದ್ದು ಅವರದ್ದೇ ಕಂಪನಿ, ವರ್ಲ್ಡ್‌ವೈಡ್ ಪ್ಯಾಂಟ್ಸ್. ಬರಹಗಾರರಿಗೆ ಅವರೇ ಧಣಿ. ಹಣ್ಣಿನ ಬುಟ್ಟಿ ಹಿಡಿದು ಹೋದವರು ಈಗ ಬಾಗಿಲ ಒಳಗಡೆ ಕೂತಿದ್ದರು. ಶೋ ಸಂಜೆ ಚಿತ್ರೀಕರಣ ಆಗುತ್ತಿತ್ತು, ರಾತ್ರಿ 11.35ಕ್ಕೆ ಪ್ರಸಾರ. ನಡುವೆ ಗಂಟೆಗಟ್ಟಲೆ ಸಮಯ. ಪೇಲಿನ್ ಮಗಳ ಜೋಕು ಬರಹಗಾರರ ಕೋಣೆ ದಾಟಿ, ರಂಗ ದಾಟಿ, ಸಂಕಲನ ದಾಟಿ ಮನೆಮನೆಗೆ ಬಂತು. ಇದು ಬೇಡ ಸಾರ್ ಅಂತ ಯಾರೋ ಒಬ್ಬರು ಹೇಳಿ, ಅದನ್ನು ಅವರು ಕೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಆ ಕೋಣೆಯಲ್ಲಿ ಯಾರಿದ್ದರು ಎನ್ನುವುದನ್ನೂ ನೋಡಬೇಕು. ನೆಲ್ ಸ್ಕೋವೆಲ್ ಎಂಬ ಬರಹಗಾರ್ತಿ ಹಿಂದೆ ಲೆಟರ್‌ಮನ್ ಅವರ ಬಳಿ ಕೆಲಸ ಮಾಡಿ ಬಿಟ್ಟವರು. ಆ ಅಕ್ಟೋಬರ್ ಹಗರಣದ ನಂತರ ಅವರೊಂದು ಲೇಖನ ಬರೆದರು. ಲೆಟರ್‌ಮನ್, ಜೇ ಲೆನೋ, ಕೋನನ್ ಓಬ್ರಯನ್, ಮೂವರ ಶೋಗಳನ್ನೂ ಕೂಡಿಸಿದರೆ ಅವತ್ತು ಹೆಣ್ಣು ಬರಹಗಾರರ ಸಂಖ್ಯೆ ಸೊನ್ನೆ ಎಂದು ಅದರಲ್ಲಿ ತೋರಿಸಿದರು. ಹದಿನಾಲ್ಕರ ಹುಡುಗಿಯ ಜೋಕು ದಾರಿಯುದ್ದಕ್ಕೂ ಎಲ್ಲೂ ನಿಲ್ಲದೆ ಹೇಗೆ ಬಂತು ಎಂಬ ಪ್ರಶ್ನೆಗೆ ನನಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹತ್ತು ವರ್ಷದ ಮೇಲೆ, 2019ರಲ್ಲಿ, ಇಬ್ಬರೂ ಎದುರುಬದುರು ಕೂತು ಮಾತಾಡಿದರು. ಲೆಟರ್‌ಮನ್ ಕ್ಷಮೆ ಕೇಳಿದರು. ಆಗ ಅವರು ನಿವೃತ್ತರಾಗಿ ನಾಲ್ಕು ವರ್ಷ ಆಗಿತ್ತು.

ಹೇಳುವವರು ಇದ್ದರೂ ಕೇಳದವರು ಉಂಟು. ಜೇ ಲೆನೋ ವರ್ಷಾನುಗಟ್ಟಲೆ ಏಷ್ಯಾ ಮೂಲದವರ ಊಟದ ಬಗ್ಗೆ ಜೋಕು ಮಾಡಿದರು. 2021ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಕ್ಷಮೆ ಕೇಳುತ್ತಾ ಒಂದು ವಿಷಯ ಒಪ್ಪಿಕೊಂಡರು. ದೂರು ಬಂದಾಗಲೆಲ್ಲ ತಂಡದಲ್ಲಿ ಎರಡು ಮಾತು ಏಳುತ್ತಿತ್ತಂತೆ. ಇದನ್ನು ಸರಿಪಡಿಸೋಣ ಅಂತ ಒಂದು, ತಮಾಷೆ ಸಹಿಸದವರು ಹಾಳಾಗಿ ಹೋಗಲಿ ಅಂತ ಇನ್ನೊಂದು. ತಪ್ಪು ಎಂದು ಒಳಗೊಳಗೇ ಗೊತ್ತಿದ್ದರೂ ನಾನು ಎರಡನೆಯವರ ಕಡೆಗೇ ವಾಲುತ್ತಿದ್ದೆ ಅಂದರು. ಅಂದರೆ ತಾಳ ಕೇಳಿಸುತ್ತಿತ್ತು!

ಬಿಲ್ ಮಾರ್ ಅವರದ್ದು ಇನ್ನೊಂದು ಥರ. ಅವರ ಶೋ ನೇರ ಪ್ರಸಾರ. 2017ರ ಜೂನ್ 2ರಂದು ಒಬ್ಬ ಸೆನೆಟರ್ ಜೊತೆ ಮಾತಾಡುತ್ತಾ, ಕಪ್ಪು ಜನರನ್ನು ಹೀಗಳೆಯುವ ಆ ಹಳೆಯ ಪದವನ್ನು ತಮಗೇ ಹಚ್ಚಿಕೊಂಡು ಜೋಕು ಮಾಡಿಬಿಟ್ಟರು. ವಯಸ್ಸು ಅರವತ್ತೊಂದು. ಮಾರನೆಯ ದಿನ ಕ್ಷಮೆ. ಆದರೆ ನನಗೆ ಇಷ್ಟವಾದದ್ದು ಮುಂದಿನ ವಾರದ ಶೋ. ರ‍್ಯಾಪ್ ಹಾಡುಗಾರ ಐಸ್ ಕ್ಯೂಬ್ ಅತಿಥಿಯಾಗಿ ಬಂದು, ಅದು ಈಗ ನಮ್ಮ ಪದ, ನಿಮಗೆ ವಾಪಸ್ ಸಿಗುವುದಿಲ್ಲ ಎಂದು ಮುಖಕ್ಕೇ ಹೇಳಿದರು. ಮಾರ್ ಕೂತು ಕೇಳಬೇಕಾಯಿತು. ತಡವಾಗಿಯಾದರೂ ತಾಳ ಬಿತ್ತು.

ಇಷ್ಟು ಹೇಳಿದ ಮೇಲೆ ಜೋನ್ ರಿವರ್ಸ್ ನೆನಪಾಗದೆ ಇರುವುದಿಲ್ಲ. 1933ರಲ್ಲಿ ಹುಟ್ಟಿದ ಈ ಹೆಣ್ಣುಮಗಳು 1986ರಲ್ಲಿ ತನ್ನದೇ ಲೇಟ್ ನೈಟ್ ಶೋ ಶುರು ಮಾಡಿದ್ದಕ್ಕೆ, ಗುರುವಿನಂತಿದ್ದ ಜಾನಿ ಕಾರ್ಸನ್ ಸಿಟ್ಟಾಗಿ ಇವರನ್ನು ಮತ್ತೆಂದೂ ಮಾತಾಡಿಸಲಿಲ್ಲ. ಎಂಬತ್ತು ದಾಟಿದರೂ ಅವರ ನಾಲಿಗೆ ಕತ್ತರಿ. ಗೆರೆಯನ್ನು ದಿನಾ ದಾಟುತ್ತಿದ್ದರು, ಬೇಕೆಂದೇ ದಾಟುತ್ತಿದ್ದರು, ಕ್ಷಮೆ ಕೇಳುವ ಸುದ್ದಿಯೇ ಇಲ್ಲ. ಅವರ ಕೆಲವು ಜೋಕು ನನಗೆ ಸಹಿಸಲು ಆಗುವುದಿಲ್ಲ. ಆದರೆ ಮೊನಚು ಹೋಗಿತ್ತು ಅಂತ ಯಾರೂ ಹೇಳುವ ಹಾಗಿಲ್ಲ. ಯಾಕೆ? ಅವರು ಚಿಕ್ಕ ಚಿಕ್ಕ ಕ್ಲಬ್ಬುಗಳಲ್ಲಿ ನಿಂತು ಹೊಸ ಜೋಕು ಪರೀಕ್ಷೆ ಮಾಡುವುದನ್ನು ಬಿಡಲೇ ಇಲ್ಲ. 2014ರ ಆಗಸ್ಟ್‌ನಲ್ಲಿ ಒಂದು ಚಿಕಿತ್ಸೆಗೆ ಹೋದವರು ಮತ್ತೆ ಏಳಲಿಲ್ಲ. ಅದರ ಹಿಂದಿನ ರಾತ್ರಿ ಕೂಡ ನ್ಯೂಯಾರ್ಕಿನ ಒಂದು ಸಣ್ಣ ರಂಗಮಂದಿರದಲ್ಲಿ ನಗಿಸುತ್ತಿದ್ದರು. ಟಿವಿ ಸ್ಟುಡಿಯೋಗೆ ಬಂದವರಿಗೆ ಟಿಕೆಟ್ ಪುಕ್ಕಟೆ. ಶೋಗೆ ಮೊದಲೇ ಒಬ್ಬ ಬಂದು ಅವರನ್ನು ಹುರಿದುಂಬಿಸುತ್ತಾನೆ. ಅವರು ನಗದೆ ಎಲ್ಲಿ ಹೋಗುತ್ತಾರೆ? ಸಣ್ಣ ಕ್ಲಬ್ಬಿನಲ್ಲಿ ದುಡ್ಡು ಕೊಟ್ಟು, ಮೂರಡಿ ದೂರದಲ್ಲಿ ಕೂತವನು ನಗದಿದ್ದರೆ ಅದು ಕೆನ್ನೆಗೆ ಹೊಡೆದ ಹಾಗೆ.

ಇಲ್ಲೊಂದು ಎಚ್ಚರ ಇರಲಿ. ಭಾಗವತರು ತಾಳ ತಟ್ಟುವುದು ಬೇರೆ, ಮುಂದಿನ ಸಾಲಿನಲ್ಲಿ ಕೂತ ಪಟೇಲರು ಎದ್ದು ದೀಪ ಆರಿಸುವುದು ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಕಿಮ್ಮೆಲ್ ಅವರ ಶೋಗೆ ಆದದ್ದು ಎರಡನೆಯದು ಅಂತ ನನ್ನ ಲೆಕ್ಕ. ಬಲಪಂಥೀಯ ಕಾರ್ಯಕರ್ತ ಚಾರ್ಲಿ ಕರ್ಕ್ ಕೊಲೆಯ ನಂತರ ಕಿಮ್ಮೆಲ್ ಆಡಿದ ಮಾತಿಗೆ, ಪ್ರಸಾರ ನಿಯಂತ್ರಿಸುವ ಸರ್ಕಾರಿ ಆಯೋಗದ ಮುಖ್ಯಸ್ಥರೇ ಬಹಿರಂಗವಾಗಿ ಎಚ್ಚರಿಕೆ ಕೊಟ್ಟರು. ಅದೇ ದಿನ ಎಬಿಸಿ ಚಾನೆಲ್ ಶೋ ನಿಲ್ಲಿಸಿತು. ಒಂದು ವಾರದೊಳಗೆ ಕಿಮ್ಮೆಲ್ ವಾಪಸ್ ಬಂದರು, ಗಂಟಲು ಕಟ್ಟಿತ್ತು. ಅವರ ಆ ಮಾತು ಸರಿಯಿತ್ತೋ ಇಲ್ಲವೋ ವಾದ ಮಾಡಬಹುದು. ಆದರೆ ಅದನ್ನು ತೀರ್ಮಾನಿಸಬೇಕಾದದ್ದು ಸರ್ಕಾರವಂತೂ ಅಲ್ಲ.

ಕೊನೆಗೆ ಜಾನಿ ಕಾರ್ಸನ್ ಅವರ ವಿಷಯಕ್ಕೆ ಬರುತ್ತೇನೆ. 1962ರಿಂದ 1992ರವರೆಗೆ, ಮೂವತ್ತು ವರ್ಷ, ಅಮೆರಿಕವನ್ನು ನಗಿಸಿ ಮಲಗಿಸಿದ ಮನುಷ್ಯ. ಅರವತ್ತಾರಕ್ಕೆ ಸಾಕು ಅಂತ ಎದ್ದು ಹೋದರು. ಆಮೇಲೆ ಟಿವಿಯ ಕಡೆ ಹೆಚ್ಚುಕಡಿಮೆ ತಲೆ ಹಾಕಲೇ ಇಲ್ಲ. ಆದರೆ ಪೇಪರ್ ಓದಿ ಜೋಕು ಬರೆಯುವ ಚಟ ಬಿಡಬೇಕಲ್ಲ! ಬರೆದದ್ದನ್ನು ಸದ್ದಿಲ್ಲದೆ ಲೆಟರ್‌ಮನ್ ಅವರಿಗೆ ಕಳಿಸುತ್ತಿದ್ದರು. ಲೆಟರ್‌ಮನ್ ಅವುಗಳಲ್ಲಿ ಕೆಲವನ್ನು ತಮ್ಮ ಶೋನಲ್ಲಿ ಹೇಳುತ್ತಿದ್ದರು.

2005ರ ಜನವರಿ 23ರಂದು ಕಾರ್ಸನ್ ತೀರಿಕೊಂಡರು. ಎಪ್ಪತ್ತೊಂಬತ್ತು ವರ್ಷ. ಎಂಟು ದಿನ ಬಿಟ್ಟು ಲೆಟರ್‌ಮನ್ ಎಂದಿನಂತೆ ರಂಗಕ್ಕೆ ಬಂದು ನಿಂತರು. ಒಂದರ ಹಿಂದೆ ಒಂದು ಜೋಕು. ಜನ ಹೊಟ್ಟೆ ತುಂಬ ನಕ್ಕರು. ಆಮೇಲೆ ಮೇಜಿನ ಹಿಂದೆ ಹೋಗಿ ಕೂತು ವಿಷಯ ಹೇಳಿದರು. ನೀವು ಈಗ ನಕ್ಕಿರಲ್ಲ, ಅಷ್ಟೂ ಜೋಕು ಜಾನಿ ಬರೆದದ್ದು.

ನಮಸ್ಕಾರ.