ಪದವಿನ ಹುಲ್ಲು ಹೆರೆಯುವ ಮಿಷನಿಗೆ ಸ್ವಲ್ಪ ರಜೆ ಕೊಡಿ

[ದೃಶ್ಯ: ಕುಂಬಳೆ ಹತ್ತಿರದ ಅನಂತಪುರ ಪದವು, ಬೇಸಗೆ]

ನಮಸ್ಕಾರ. ಇದು ಪದವು, ಅಂದರೆ ಮುರಕಲ್ಲು (ಲ್ಯಾಟರೈಟ್) ಹಾಸಿದ ಎತ್ತರದ ಬಯಲು. ಈಗ ಬರೀ ಕಲ್ಲು, ಒಣಹುಲ್ಲು. ‘ಬಂಜರು’ ಅಂತ ಷರಾ ಬರೆಯುವವರು ಬರುವುದು ಬಹುಶಃ ಈ ಹೊತ್ತಿಗೇ. ಹೂ ಬಿಡುವ ಸೋಣ ತಿಂಗಳಲ್ಲಿ (ಆಗಸ್ಟ್-ಸೆಪ್ಟೆಂಬರ್) ಯಾಕೆ ಬರುವುದಿಲ್ಲವೋ!

[ದೃಶ್ಯ: ಮಳೆಗಾಲ, ನೀಲಿ ಹೂಗಳು, ಹತ್ತಿರದಿಂದ]

ಇದು ಓಣಂ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ ಕೊಯ್ಯುವ ಕಾಕಪೂ, ಯುಟ್ರಿಕ್ಯುಲೇರಿಯಾ. ಕಲ್ಲಿನ ಮೇಲೆ ಬೆರಳು ದಪ್ಪ ಮಣ್ಣೂ ಇಲ್ಲ, ಅದರಲ್ಲಿ ಸಾರವೂ ಇಲ್ಲ. ಹಾಗಾಗಿ ಒದ್ದೆ ಮಣ್ಣಿನೊಳಗೆ ಸಾಸಿವೆಗಿಂತ ಸಣ್ಣ ಚೀಲ ಇಟ್ಟುಕೊಂಡು, ಕಣ್ಣಿಗೆ ಕಾಣದ ಜೀವಿಗಳನ್ನು ಒಳಗೆಳೆದು ತಿನ್ನುತ್ತದೆ. ಪಕ್ಕದಲ್ಲಿ ಹುಳ ತಿನ್ನುವ ಇನ್ನೊಂದು ಗಿಡ, ಡ್ರೊಸೆರಾ: ಎಲೆಯ ಪ್ರತಿ ಕೂದಲ ತುದಿಯಲ್ಲೂ ಅಂಟಿನ ಹನಿ. ಓ ಅಲ್ಲಿ ನೋಡಿ, ಒಂದು ನುಸಿ ಸಿಕ್ಕಿಬಿದ್ದಿದೆ, ಕಾಲು ಇನ್ನೂ ಆಡುತ್ತಿದೆ.

ಬಡ ಮಣ್ಣೇ ಇವುಗಳ ಬಂಡವಾಳ. ಕೆಂಪು ಮಣ್ಣು ತಂದು ಸುರಿದು ಅಕೇಶಿಯಾ ನೆಟ್ಟರೆ ಫೋಟೋಕ್ಕೆ ಚೆಂದ, ಪದವಿನ ಕತೆ ಮುಗಿಯಿತು. ಕಣ್ಣೂರಿನ ಮಾಡಾಯಿಪಾರೆಯ ಹೆಸರನ್ನೇ ಹೊತ್ತ ಒಂದು ಗಿಡವಿದೆ, ಇರಿಯೋಕಾಲನ್ ಮಾಡಾಯಿಪಾರೆನ್ಸೆ. ಅದೂ ಇಂಥ ಕಲ್ಲಿನ ಮೇಲೆಯೇ ಬೆಳೆಯುವುದು.

ಹಾಗಾದರೆ ಸುಮ್ಮನೆ ಬಿಟ್ಟರಾಯಿತಾ? ಇಲ್ಲ, ಹೊತ್ತು ನೋಡಿ ಹೆರೆಯಬೇಕು.

ಬ್ರಿಟನ್ನಿನಲ್ಲಿ 1930ರ ದಶಕದಿಂದೀಚೆ ಹೂವಿನ ಹುಲ್ಲುಗಾವಲುಗಳಲ್ಲಿ ಸುಮಾರು ಶೇ. 97 ಹೋಗಿಯೇಬಿಟ್ಟಿವೆ. ಈಗ ಅಲ್ಲಿ ಎಷ್ಟೋ ಪಾರ್ಕು, ರಸ್ತೆ ಬದಿಗಳಲ್ಲಿ ಬೀಜ ಉದುರುವ ತನಕ ಕಾದು, ಆಮೇಲೆ ಹೆರೆದು, ಹೆರೆದ ಹುಲ್ಲನ್ನು ಹೊರಗೆ ಸಾಗಿಸುತ್ತಾರೆ. ಅಲ್ಲೇ ಬಿಟ್ಟರೆ ಕೊಳೆತು ಗೊಬ್ಬರವಾಗಿ, ಒರಟು ಹುಲ್ಲು ಕೊಬ್ಬಿ ಹೂಗಿಡಗಳನ್ನು ಮುಚ್ಚಿಬಿಡುತ್ತದೆ.

ನಮ್ಮ ಅಜ್ಜಂದಿರು ಮಾಡುತ್ತಿದ್ದುದೂ ಇದನ್ನೇ ಅಲ್ಲವಾ? ಮಳೆ ಬಿಟ್ಟು ಮುಳಿಹುಲ್ಲು ಬಲಿತ ಮೇಲೆ ಹೆರೆದು, ಕಟ್ಟ ಕಟ್ಟಿ, ಮಾಡಿಗೆ ಹೊದಿಸಲು ಹೊತ್ತುಕೊಂಡು ಹೋಗುತ್ತಿದ್ದರು. ಹೂವಿನ ಚಿಂತೆ ಅವರಿಗಿರಲಿಲ್ಲ, ಮನೆ ಸೋರಬಾರದು ಅಷ್ಟೆ. ಹಂಚು ಬಂತು, ಮುಳಿ ಯಾರಿಗೂ ಬೇಡವಾಯಿತು. ಈಗ ಮಿಷನ್ ಬರುವುದು ಹೂ ಬಿಟ್ಟಿರುವಾಗಲೇ, ಸ್ವಾತಂತ್ರ್ಯೋತ್ಸವಕ್ಕೆ ‘ಕ್ಲೀನ್’ ಮಾಡಲು.

[ದೃಶ್ಯ: ಪಂಚಾಯತು ಜಾಗ, ಕಾಲುದಾರಿ]

ಗ್ರಾಮಸಭೆಯಲ್ಲಿ ಕೇಳಬೇಕಾದ್ದು ಇಷ್ಟೇ: ದಾರಿಯ ಎರಡೂ ಬದಿ ಒಂದೊಂದು ಮಾರು ಹೆರೆಯಿರಿ, ಹಾವಿನ ಹೆದರಿಕೆ ಸುಳ್ಳಲ್ಲ. ಉಳಿದದ್ದನ್ನು ದೀಪಾವಳಿ ಕಳೆದು, ಬೀಜ ಉದುರಿದ ಮೇಲೆ ಒಂದೇ ಸಲ. ಹುಲ್ಲನ್ನು ದನ ಸಾಕುವವರು ಒಯ್ಯಲಿ. ಬೆಂಕಿ ಹಾಕುವುದು ಬೇಡ.

ಕ್ರಿಕೆಟ್ ಪಿಚ್ಚಿನ ವಿಷಯ ನನ್ನನ್ನು ಕೇಳಬೇಡಿ, ಅದನ್ನು ಹುಡುಗರ ಹತ್ತಿರವೇ ಮಾತಾಡಿಕೊಳ್ಳಿ.