‘ನ’ ಕಳೆದುಕೊಂಡ ನಾರಂಗ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಗಳೂರಿನ ಬೀದಿಯಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರ ಕಥೆ ನಿಮಗೆ ಗೊತ್ತಿರುತ್ತದೆ. ವಿದೇಶಿ ದಂಪತಿ ಬಂದು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರಂತೆ. ಇವರಿಗೆ ಬರುತ್ತಿದ್ದದ್ದು ತುಳು ಮತ್ತು ಬ್ಯಾರಿ. ಉತ್ತರ ಹೊರಡಲಿಲ್ಲ, ಗಿರಾಕಿಗಳು ಹೊರಟುಹೋದರು. ನಮ್ಮೂರ ಮಕ್ಕಳಿಗೆ ಈ ಗತಿ ಬರಬಾರದು ಅಂತ ಹಾಜಬ್ಬನವರು ದುಡಿದ ದುಡ್ಡನ್ನು ಕೂಡಿಟ್ಟು ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದರು. 2020ರಲ್ಲಿ ಪದ್ಮಶ್ರೀಗೆ ಅವರ ಹೆಸರು ಪ್ರಕಟವಾಯಿತು. ಅದು ಎಲ್ಲರೂ ಹೇಳುವ ಕಥೆ. ನನ್ನ ಮಾತು ಅವರ ಬುಟ್ಟಿಯಲ್ಲಿದ್ದ ಹಣ್ಣಿನ ಇಂಗ್ಲಿಷ್ ಹೆಸರಿನ ಬಗ್ಗೆ. ಆರೆಂಜ್.

ಬ್ಯಾರಿ ಭಾಷೆಗೆ ತೀರಾ ಹತ್ತಿರದ್ದು ಮಲಯಾಳಂ. ಆ ಮಲಯಾಳಂನಲ್ಲಿ ನಿಂಬೆಹಣ್ಣಿಗೆ ನಾರಂಙ ಅನ್ನುತ್ತಾರೆ. ನಾರಂಙ, ಸಂಸ್ಕೃತದ ನಾರಂಗ, ಹಿಂದಿಯ ನಾರಂಗಿ, ಇಂಗ್ಲಿಷಿನ ಆರೆಂಜ್, ಎಲ್ಲ ಒಂದೇ ಮನೆತನದವು. ಸಂಸ್ಕೃತಕ್ಕೆ ಈ ಪದ ಬಂದದ್ದು ದ್ರಾವಿಡ ಭಾಷೆಗಳಿಂದ ಎಂಬುದು ಬಹುಪಾಲು ನಿಘಂಟುಕಾರರ ಅಭಿಪ್ರಾಯ. ಮೂಲದಲ್ಲಿರುವುದು ವಾಸನೆಗೆ ಸಂಬಂಧಿಸಿದ ಧಾತು ಎಂದು ಹಲವರು ಊಹಿಸುತ್ತಾರೆ. ಕನ್ನಡದಲ್ಲಿ ಅದು ಎರಡು ಕಡೆ ಉಳಿದಿದೆ. ಒಂದು, ಕವಿಗಳು ಬಳಸುವ ನರುಗಂಪು. ಇನ್ನೊಂದು, ಚರಂಡಿ ನಾರುತ್ತಿದೆ ಅನ್ನುವಾಗಿನ ನಾರು. ಹಿಂದೆ ಒಳ್ಳೆಯ ವಾಸನೆ ಬಂದರೂ ನಾರುವುದೇ ಆಗಿತ್ತು. ಈಗ ಯಾರ ಮನೆಗಾದರೂ ಹೋಗಿ ‘ನಿಮ್ಮ ಅಡುಗೆ ಚೆನ್ನಾಗಿ ನಾರುತ್ತಿದೆ’ ಅಂದರೆ ಊಟ ಸಿಗಲಿಕ್ಕಿಲ್ಲ.

ನಾವು ಕನ್ನಡದವರು ಮಾತ್ರ ಹಣ್ಣನ್ನು ಅಳತೆಯಿಂದ ಕರೆದವರು. ಈಳೆ ಎಂದರೆ ನಿಂಬೆಯ ಜಾತಿಯ ಹಣ್ಣು. ಹಿರಿದಾದ ಈಳೆ ಹೇರಿಳೆ, ಕಿರಿದಾದ ಈಳೆ ಕಿತ್ತಳೆ. ಕೊಡಗಿನ ಕಾಫಿ ತೋಟಗಳ ನಡುವೆ ಬೆಳೆಯುವ, ಸಿಪ್ಪೆ ಸಡಿಲವಾಗಿ ಬಿಟ್ಟುಕೊಳ್ಳುವ ಆ ಹಣ್ಣಿಗೆ ಕಿತ್ತಳೆ ಅನ್ನುವ ಹೆಸರೇ ಸರಿ.

ನಾರಂಗ ಪಶ್ಚಿಮಕ್ಕೆ ಹೊರಟ ದಾರಿ ವ್ಯಾಪಾರಿಗಳ ದಾರಿ. ಪರ್ಶಿಯನ್ನರ ಬಾಯಲ್ಲಿ ನಾರಂಗ್, ಅರಬರ ಬಾಯಲ್ಲಿ ನಾರಂಜ್. ಅರಬರು ಸಿಸಿಲಿ, ಸ್ಪೇನುಗಳಿಗೆ ಒಯ್ದದ್ದು ಕಹಿ ಕಿತ್ತಳೆ. ಸ್ಪೇನಿನವರು ಇವತ್ತಿಗೂ ನರಾಂಹ ಅನ್ನುತ್ತಾರೆ, ‘ನ’ ಗಟ್ಟಿಯಾಗಿಯೇ ಇದೆ. ಇಟಲಿ, ಫ್ರಾನ್ಸುಗಳಲ್ಲಿ ಅದು ಕಳಚಿಬಿತ್ತು. ಆ ಭಾಷೆಗಳಲ್ಲಿ ‘ಒಂದು’ ಎಂಬ ಅರ್ಥದ ಪುಟ್ಟ ಪದ ‘ನ’ಕಾರದಲ್ಲಿ ಮುಗಿಯುತ್ತದೆ. ಹಿಂದಿನ ‘ನ’ ಯಾವುದು, ಮುಂದಿನ ‘ನ’ ಯಾವುದು ಎಂದು ಕಿವಿಗೆ ತಿಳಿಯದೆ ಹಣ್ಣಿನ ‘ನ’ ಹೋಯಿತು. ಫ್ರೆಂಚಿನಲ್ಲಿ ‘ಓರ್’ ಎಂದರೆ ಚಿನ್ನ. ಹೊನ್ನಿನ ಬಣ್ಣದ ಹಣ್ಣು ‘ಓ’ಕಾರದಿಂದ ಶುರುವಾದದ್ದಕ್ಕೆ ಅದೂ ಒಂದು ಕಾರಣ ಎನ್ನುತ್ತಾರೆ. ಇಂಗ್ಲೆಂಡಿಗೆ ಪದ ಬರುವಷ್ಟರಲ್ಲಿ ಸುಮಾರು 1400. ‘ನ’ ಕಳೆದದ್ದು ಇಂಗ್ಲಿಷರು ಎಂದು ಕೆಲವರು ಬರೆಯುತ್ತಾರೆ. ಅದು ಸರಿಯಲ್ಲ, ಅವರ ಕೈಗೆ ಸಿಕ್ಕಿದ್ದೇ ತಲೆ ಕಳೆದುಕೊಂಡ ಪದ.

ಸಿಹಿ ಕಿತ್ತಳೆಯನ್ನು ಯುರೋಪಿನಲ್ಲಿ ಹರಡಿದ ಕೀರ್ತಿ ಪೋರ್ಚುಗೀಸರದು. ಹಾಗಾಗಿ ಗ್ರೀಕರಿಗೆ ಅದು ಪೋರ್ಟೊಕಾಲಿ, ತುರ್ಕರಿಗೆ ಪೋರ್ಟಕಾಲ್. ಒಂದು ಕಾಲಕ್ಕೆ ನಾರಂಗವನ್ನು ಅರಬರಿಗೆ ದಾಟಿಸಿದ ಇರಾನಿನಲ್ಲೇ ಈಗ ಸಿಹಿಹಣ್ಣಿಗೆ ಪೋರ್ಚುಗಲ್ ಹೆಸರು!

ಬಣ್ಣದ ಕಥೆ ಬೇರೆ. ಹಣ್ಣು ಬರುವ ತನಕ ಇಂಗ್ಲಿಷಿನಲ್ಲಿ ಆ ಬಣ್ಣಕ್ಕೆ ಸ್ವಂತದ ಹೆಸರಿರಲಿಲ್ಲ. 14ನೇ ಶತಮಾನದ ಕವಿ ಚಾಸರ್ ನರಿಯ ಬಣ್ಣ ಹೇಳುವಾಗ, ಹಳದಿಗೂ ಕೆಂಪಿಗೂ ನಡುವಿನದು ಅಂತ ಸುತ್ತಿ ಬಳಸಿ ಹೇಳಬೇಕಾಯಿತು. ಅಲ್ಲಿನ ರಾಬಿನ್ ಹಕ್ಕಿಯ ಎದೆ ಕಿತ್ತಳೆ ಬಣ್ಣದ್ದು, ಹೆಸರು ಮಾತ್ರ ರೆಡ್‌ಬ್ರೆಸ್ಟ್. ಬಣ್ಣಕ್ಕೆ ಆರೆಂಜ್ ಅನ್ನತೊಡಗಿದ್ದು 16ನೇ ಶತಮಾನದಲ್ಲಿ. ನಮಗೆ ಆ ಬಡತನ ಇರಲಿಲ್ಲ. ಕಾವಿ ಇತ್ತು, ಕೇಸರಿ ಇತ್ತು.

ಇನ್ನು ಹಣ್ಣಿಗೆ ಸಂಬಂಧವೇ ಇಲ್ಲದ ಒಂದು ಆರೆಂಜ್ ಇದೆ. ದಕ್ಷಿಣ ಫ್ರಾನ್ಸಿನ ಆ ಊರಿನಲ್ಲಿ ರೋಮನ್ನರ ಕಾಲದ ರಂಗಮಂದಿರ ಇವತ್ತಿಗೂ ನಿಂತಿದೆ. ಊರಿನ ಹಳೆಯ ಹೆಸರು ಅರೌಸಿಯೋ, ಅದು ಕೆಲ್ಟಿಕ್ ಜನರ ಒಬ್ಬ ಜಲದೇವತೆಯ ಹೆಸರಂತೆ. ಅರೌಸಿಯೋ ಸವೆದು ಸವೆದು, ಅದೃಷ್ಟವಶಾತ್ ಹಣ್ಣಿನ ಹೆಸರಿನ ಹಾಗೇ ಆಯಿತು. 1544ರಲ್ಲಿ ಆ ಪುಟ್ಟ ಸಂಸ್ಥಾನ ವಾರಸುದಾರಿಕೆಯಿಂದ ನಸೌ ಮನೆತನದ ವಿಲಿಯಂ ಎಂಬ 11 ವರ್ಷದ ಹುಡುಗನಿಗೆ ಬಂತು. ಅವನೇ ಮುಂದೆ ಸ್ಪೇನಿನ ವಿರುದ್ಧ ಡಚ್ಚರ ಬಂಡಾಯದ ನಾಯಕ. ಊರಿನ ಹೆಸರು ಮನೆತನಕ್ಕೆ ಅಂಟಿತು, ಹಣ್ಣಿನ ಬಣ್ಣ ಮನೆತನದ ಬಣ್ಣವಾಯಿತು. ನೆದರ್ಲೆಂಡ್ಸ್ ಫುಟ್‌ಬಾಲ್ ಆಟಗಾರರ ಅಂಗಿಯ ಬಣ್ಣ ಅಲ್ಲಿಂದ ಬಂದದ್ದು. ಅದೇ ವಂಶದ ಮೂರನೇ ವಿಲಿಯಂ 1689ರಲ್ಲಿ ಇಂಗ್ಲೆಂಡಿನ ದೊರೆಯಾದ. ಐರ್ಲೆಂಡಿನ ಬಾವುಟದ ಕಿತ್ತಳೆ ಪಟ್ಟಿ ಅವನ ಕಡೆಯ ಪ್ರಾಟೆಸ್ಟೆಂಟರನ್ನು ಸೂಚಿಸುವಂಥದ್ದು. ಇಷ್ಟೆಲ್ಲ ಕಿತ್ತಳೆಯ ಅಭಿಮಾನ ಇಟ್ಟುಕೊಂಡ ಡಚ್ಚರು ಹಣ್ಣನ್ನು ಆರೆಂಜ್ ಅನ್ನುವುದೇ ಇಲ್ಲ. ಅವರಿಗೆ ಅದು ಸಿನಾಸಾಪಲ್, ಅಂದರೆ ಚೀನಾದ ಸೇಬು!

ಈಗ ಸ್ವಲ್ಪ ಆಟ. ಮರಾ ಮರಾ ಎನ್ನುತ್ತ ರಾಮನಾದ ಕಥೆ ಗೊತ್ತಿರುವ ನಮಗೆ ಅಕ್ಷರಪಲ್ಲಟ ಹೊಸತಲ್ಲ. ಹತ್ತಿರ ಕಾಗದ, ಪೆನ್ನು ಇದ್ದರೆ ಇಂಗ್ಲಿಷಿನಲ್ಲಿ ಬರೆದುಕೊಳ್ಳಿ: ಓ, ಆರ್, ಎ, ಎನ್, ಜಿ, ಇ. ಆರು ಅಕ್ಷರ. ಇದನ್ನೇ ಕಲಸಿದರೆ ‘ಗೋ ನಿಯರ್’, ಹತ್ತಿರ ಹೋಗು. ‘ನೋ ರೇಜ್’, ಸಿಟ್ಟು ಬೇಡ. ‘ಆ್ಯನ್ ಓಗರ್’, ಒಬ್ಬ ರಾಕ್ಷಸ. ‘ನೋ ಗೇರ್’, ಗೇರೇ ಇಲ್ಲದ ಗಾಡಿ. ನನಗೆ ಇಷ್ಟವಾದದ್ದು ‘ಗೋ, ಅರ್ನ್’, ಹೋಗಿ ಸಂಪಾದಿಸು. ತಲೆಯ ಮೇಲೆ ಬುಟ್ಟಿ ಹೊತ್ತು ಹೊರಡುವ ಯಾವ ಹಣ್ಣಿನವರೂ ಒಪ್ಪುವ ಮಾತು. ಕಿ, ತ್ತ, ಳೆ ಎಂಬ ನಮ್ಮ ಮೂರಕ್ಷರ ಹಿಡಿದು ಹೀಗೆ ಆಡಲು ಹೋದರೆ ಏನೂ ಗಿಟ್ಟುವುದಿಲ್ಲ, ನೋಡಿದ್ದೇನೆ.

ಪದಬಂಧ ಬಿಡಿಸುವವರು ಬರೆದಿಟ್ಟುಕೊಳ್ಳಬೇಕಾದದ್ದು ಮಾತ್ರ ಬೇರೆ: ಓ, ಎನ್, ಎ, ಜಿ, ಇ, ಆರ್. ಓನೇಜರ್. ಆರೂ ಅಕ್ಷರ ಸೇರಿ ಒಂದೇ ಪದ. ಅರ್ಥ, ಕಾಡುಕತ್ತೆ. ಕಲ್ಲು ಎಸೆಯುವ ಒಂದು ಯಂತ್ರಕ್ಕೂ ರೋಮನ್ನರು ಇದೇ ಹೆಸರಿಟ್ಟಿದ್ದರು, ಬಿಟ್ಟಾಗ ಅದು ಕತ್ತೆಯ ಹಾಗೆ ಹಿಂದಕ್ಕೆ ಒದೆಯುತ್ತಿತ್ತು ಎಂದು. ಐದನೇ ಶತಮಾನದ ಇರಾನಿನ ದೊರೆ ಐದನೇ ಬಹ್ರಾಮನಿಗೆ ಬಹ್ರಾಮ್ ಗೂರ್ ಎಂದೇ ಹೆಸರು. ಗೂರ್ ಎಂದರೆ ಇದೇ ಪ್ರಾಣಿ, ಅವನಿಗೆ ಅದರ ಬೇಟೆಯ ಹುಚ್ಚು. ಇದರ ಭಾರತೀಯ ಬಳಗ ಇರುವುದು ಗುಜರಾತಿನ ಕಛ್‌ನ ಚಿಕ್ಕ ರಣದಲ್ಲಿ. ಉಪ್ಪು ಬಿಳಿಚಿದ ನೆಲದ ಮೇಲೆ ಗುಂಪಾಗಿ ಓಡುವ, ಬೆನ್ನುದ್ದಕ್ಕೂ ಕಂದು ಪಟ್ಟಿಯ ಆ ಕತ್ತೆಗಳನ್ನು ಅಲ್ಲಿನ ಜನ ಘುಡ್‌ಖರ್ ಅನ್ನುತ್ತಾರೆ.

ನಮಸ್ಕಾರ.